ಕಲ್ಲಿನ ರಥ ರಥವೆ?

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ರೈಲಿನಲ್ಲಿ ಹೋಗುವವರಿಗೆ ನಡುದಾರಿಯಲ್ಲಿ ತೋರಣಗಲ್ಲು ಎಂಬ ನಿಲ್ದಾಣ ಸಿಕ್ಕುತ್ತದೆ. ಸಂಡೂರು ತಾಲ್ಲೂಕಿಗೆ ಸೇರಿದ ಈ ಊರು ಇಂದು ಉಕ್ಕಿನ ಕಾರ್ಖಾನೆಯಿಂದ ನಾಡಿನಲ್ಲೆಲ್ಲ ಹೆಸರಾಗಿದೆ. ಆದರೆ ನಾವು ಹೇಳಹೊರಟಿರುವುದು ಉಕ್ಕಿನ ವಿಚಾರವನ್ನಲ್ಲ, ಆ ಊರಿನ ಹೆಸರಿನ ವಿಚಾರವನ್ನು. ತೋರಣ, ಕಲ್ಲು ಎಂಬ ಎರಡು ಪದಗಳು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಎರಡೂ ಎಳೆಯ ಮಕ್ಕಳಿಗೂ ಗೊತ್ತಿರುವ ಪದಗಳೇ. ಆದರೆ ಅವೆರಡೂ ಕೂಡಿದಾಗ ಆಗುವ ಅರ್ಥವೇನು? ತೋರಣಕ್ಕೆ ಬೇಕಾದ ಕಲ್ಲೆ? ತೋರಣದಂತೆ ನಿಂತಿರುವ ಕಲ್ಲೆ? ತೋರಣವನ್ನು ಹೊತ್ತಿರುವ ಕಲ್ಲೆ? ಕಲ್ಲಿನಿಂದ ಮಾಡಿದ ತೋರಣವಂತೂ ಅಲ್ಲ. ಹಾಗಿದ್ದರೆ ಪದಗಳು ಹಿಂದುಮುಂದಾಗಿ 'ಕಲ್ಲುತೋರಣ' ಎಂದಿರಬೇಕಾಗಿತ್ತು.

ಬಿಡಿಪದಗಳೆರಡೂ ತಿಳಿದಿದ್ದ ಮಾತ್ರಕ್ಕೆ ಕೂಡಿದ ಪದದ ಅರ್ಥ ತಾನಾಗಿ ತಿಳಿಯುವುದಿಲ್ಲವೆಂಬುದು ಇದರಿಂದ ಗೊತ್ತಾಗುವುದು. ಆದರೂ ನಾವು ದಿನದಿನವೂ ಇಂಥ ನೂರಾರು ಕೂಡುಪದಗಳನ್ನು ಆಡುತ್ತೇವೆ. ಹಿಂದೆಂದೂ ಕೇಳದಿದ್ದ ಕೂಡುಪದವನ್ನು ಸಹ ಕ್ಷಣಮಾತ್ರದಲ್ಲಿ ತಿಳಿದುಕೊಳ್ಳುತ್ತೇವೆ. ಮನಸ್ಸು ಎರಡು ಪರಿಕಲ್ಪನೆಗಳನ್ನು ಬೆಸೆದು ಮೂರನೆಯದೊಂದನ್ನು ಮಾಡುವ ಈ ಕೆಲಸಕ್ಕೆ ನಿಯಮಗಳುಂಟೆ? ಇದ್ದರೆ ಅವನ್ನು ಗಣಿತದ ಸೂತ್ರಗಳಂತೆ ಬರೆದಿಡಬಹುದೆ? ತರ್ಕಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಗಣಕಯಂತ್ರಗಳ ತಜ್ಞರೂ ಈ ಪ್ರಶ್ನೆಯನ್ನು ಹಿಡಿದು ಬಹುಕಾಲದಿಂದ ದುಡಿಯುತ್ತಿದ್ದಾರೆ. ಅವರು ಕಂಡುಕೊಂಡುದರ ಸಾರವನ್ನು ಹೇಳಿ, ಅದಕ್ಕೂ ನಮ್ಮ ವ್ಯಾಕರಣದ ಸಮಾಸ ಪ್ರಕರಣಕ್ಕೂ ಇರುವ ನಂಟನ್ನು ತೋರಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಪ್ರೌಢಶಾಲೆಯ ವಿದ್ಯಾರ್ಥಿಯು ಬೇಸರದಿಂದ ಬಾಯಿಪಾಠ ಮಾಡುವ ಸಮಾಸವು ವಾಸ್ತವವಾಗಿ ತರ್ಕಶಾಸ್ತ್ರದ ಒಂದು ಪ್ರಯೋಗಶಾಲೆ. ಅದನ್ನು ಹಾಗೆ ಕಲಿಸದಿರುವುದರಿಂದ ನಮಗೆ ದೊಡ್ಡ ನಷ್ಟವಾಗುತ್ತಿದೆ.

ಬೂಲನ ಬಿಳಿಯ ಕುರಿ

ಇಂಗ್ಲೆಂಡಿನಲ್ಲಿ ಹುಟ್ಟಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಜಾರ್ಜ್ ಬೂಲ್ ಎಂಬ ಗಣಿತಜ್ಞನು 1854ರಲ್ಲಿ ಆಲೋಚನೆಯ ನಿಯಮಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಪದಗಳನ್ನು ಬೀಜಗಣಿತದ ಅಕ್ಷರಗಳಂತೆ ಗುಣಿಸಬಹುದೆಂಬುದು ಅವನ ಹೊಳಹು. ಒಂದು ಅಕ್ಷರವು ಬಿಳಿಯ ವಸ್ತುಗಳೆಲ್ಲವನ್ನೂ, ಇನ್ನೊಂದು ಅಕ್ಷರವು ಕುರಿಗಳೆಲ್ಲವನ್ನೂ ಸೂಚಿಸಲಿ. ಅವೆರಡರ ಗುಣಲಬ್ಧವೇ ಬಿಳಿಯ ಕುರಿ. ಅಂದರೆ ಎರಡು ಗುಂಪುಗಳಿಗೂ ಏಕಕಾಲದಲ್ಲಿ ಸೇರಿದ ವಸ್ತುಗಳು. ಇದರಿಂದ ಎರಡು ನಿಯಮಗಳು ಹೊರಡುತ್ತವೆ. ಪದಗಳ ಕ್ರಮವನ್ನು ಬದಲಿಸಿದರೂ ಫಲ ಬದಲಾಗುವುದಿಲ್ಲವೆಂಬುದು ಮೊದಲನೆಯದು. ಒಂದೇ ಪದವನ್ನು ಎರಡು ಸಲ ಹೇಳಿದರೂ ಫಲ ಒಂದೇ ಎಂಬುದು ಎರಡನೆಯದು. ಇಂದಿನ ಗಣಕಯಂತ್ರಗಳೆಲ್ಲವೂ ಈ ಬೀಜಗಣಿತದ ಮೇಲೆಯೇ ನಿಂತಿವೆ. ಅದರ ಉಪಕಾರ ಅಷ್ಟಿಷ್ಟಲ್ಲ.

ಆದರೆ ಈ ನಿಯಮಗಳನ್ನು ನಮ್ಮ ಮನೆಮಾತಿಗೆ ಹಚ್ಚಿ ನೋಡಿರಿ. 'ಎತ್ತಿನ ಗಾಣ' ಎಂದರೆ ಒಂದು ಯಂತ್ರ. 'ಗಾಣದ ಎತ್ತು' ಎಂದರೆ ಒಂದು ಪ್ರಾಣಿ. ಕ್ರಮ ಬದಲಾದೊಡನೆ ವಸ್ತುವೇ ಬದಲಾಯಿತು. ಅಷ್ಟೇ ಅಲ್ಲ, ಏಕಕಾಲದಲ್ಲಿ ಎತ್ತೂ ಗಾಣವೂ ಆಗಿರುವ ವಸ್ತು ಲೋಕದಲ್ಲಿ ಎಲ್ಲಿಯೂ ಇಲ್ಲ. ಇನ್ನು ಎರಡನೆಯ ನಿಯಮ. ಬಳ್ಳಾರಿಯ ಸೀಮೆಯಲ್ಲಿ ಊಟಕ್ಕೆ ಕುಳಿತವನಿಗೆ 'ಬಿಸಿ ರೊಟ್ಟಿ'ಯೂ 'ಬಿಸಿಬಿಸಿ ರೊಟ್ಟಿ'ಯೂ ಒಂದೇ ಎಂದರೆ ಅವನು ಒಪ್ಪುವನೆ? ಬೂಲನು ಇದನ್ನು ಗಮನಿಸದೆ ಇರಲಿಲ್ಲ. ಗುಣವನ್ನು ಹೆಚ್ಚಿಸಿ ಹೇಳುವುದಕ್ಕಾಗಿ ಪದವನ್ನು ಎರಡು ಸಲ ಆಡುವುದುಂಟೆಂದೂ ಆದರೆ ಅದು ಗೌಣವಾದ ವಿಷಯವೆಂದೂ ಅವನು ಹೇಳಿದನು. ಅವನಿಗೆ ಗೌಣವಾದುದು ಕನ್ನಡ ಬಾಲಕನಿಗೆ ದ್ವಿರುಕ್ತಿ ಎಂಬ ಹೆಸರಿನ ಒಂದು ಪಾಠವೇ ಆಗಿದೆ.

ಸಾಕುಮೀನಿನ ತೊಡಕು

ತೊಡಕು ಬರಿಯ ವ್ಯಾಕರಣದ್ದಲ್ಲ. ಪರಿಕಲ್ಪನೆ ಎಂಬುದು ಬೇಲಿ ಹಾಕಿದ ಹೊಲದಂತೆ ಸ್ಪಷ್ಟವಾದ ಗಡಿಯುಳ್ಳದ್ದೆಂದು ಹಳೆಯ ತರ್ಕ ಭಾವಿಸಿತ್ತು: ಒಂದು ವಸ್ತು ಒಳಗಿರಬೇಕು, ಇಲ್ಲವೆ ಹೊರಗಿರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿನಾರ್ ರಾಶ್ ಅವರು 1970ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಮನಸ್ಸು ಹಾಗೆ ಕೆಲಸಮಾಡುವುದಿಲ್ಲವೆಂದು ತೋರಿಸಿದುವು. ಜನರ ಮನಸ್ಸಿನಲ್ಲಿ ಒಂದೊಂದು ಪರಿಕಲ್ಪನೆಗೂ ಒಳ್ಳೆಯ ಮಾದರಿಗಳೂ ಕಳಪೆ ಮಾದರಿಗಳೂ ಇರುತ್ತವೆ. ಹಕ್ಕಿ ಎಂದೊಡನೆ ನಮಗೆ ಗುಬ್ಬಿಯೋ ಗಿಣಿಯೋ ನೆನಪಿಗೆ ಬರುವುದೇ ಹೊರತು ಉಷ್ಟ್ರಪಕ್ಷಿ ಬರುವುದಿಲ್ಲ. ಉಷ್ಟ್ರಪಕ್ಷಿಯೂ ಹಕ್ಕಿಯೇ, ನಿಜ. ಆದರೆ ದೂರದ ನೆಂಟ.

ಹಾಗಾದರೆ ಸೇರಿಕೆಯನ್ನು ಹೌದು ಅಲ್ಲ ಎನ್ನದೆ ಸೊನ್ನೆಯಿಂದ ಒಂದರವರೆಗಿನ ಅಂಕಿಯಿಂದ ಅಳೆದರಾಯಿತಲ್ಲವೆ? ಲಾಟ್ಫಿ ಜಾಡೆ ಎಂಬ ವಿದ್ವಾಂಸರು 1965ರಲ್ಲಿಯೇ ಇಂಥದೊಂದು ಗಣಿತವನ್ನು ಕಟ್ಟಿದ್ದರು. ಅದರಂತೆ ಎರಡು ಪರಿಕಲ್ಪನೆಗಳು ಕೂಡಿದಾಗ ಎರಡು ಅಂಕಿಗಳಲ್ಲಿ ಚಿಕ್ಕದನ್ನು ತೆಗೆದುಕೊಳ್ಳಬೇಕು. 1981ರಲ್ಲಿ ಡೇನಿಯಲ್ ಆಷರ್‌ಸನ್ ಮತ್ತು ಎಡ್ವರ್ಡ್ ಸ್ಮಿತ್ ಎಂಬುವರು ಇದಕ್ಕೆ ಒಂದು ಸಣ್ಣ ಮೀನನ್ನು ಅಡ್ಡವಿಟ್ಟರು. ಗಾಜಿನ ತೊಟ್ಟಿಯಲ್ಲಿ ಆಡುವ ಬಣ್ಣದ ಮೀನನ್ನು ನೆನೆಸಿಕೊಳ್ಳಿರಿ. ಮೀನು ಎಂದಾಗ ನಮಗೆ ತೋರುವುದು ತುಂಗಭದ್ರೆಯಿಂದ ಬಲೆಗೆ ಬಿದ್ದು ಸಂತೆಗೆ ಬರುವ ಬೂದುಬಣ್ಣದ ದಪ್ಪ ಮೀನು. ಆ ಪುಟ್ಟ ಮೀನು ಅದರ ಒಳ್ಳೆಯ ಮಾದರಿಯಲ್ಲ. ಸಾಕುಪ್ರಾಣಿ ಎಂದಾಗ ತೋರುವುದು ಜಗಲಿಯ ಮೇಲೆ ಮಲಗಿದ ನಾಯಿ. ಅದಕ್ಕೂ ಇದು ಒಳ್ಳೆಯ ಮಾದರಿಯಲ್ಲ. ಆದರೆ 'ಸಾಕುಮೀನು' ಎಂದರೆ ಅದಕ್ಕಿಂತ ಒಳ್ಳೆಯ ಮಾದರಿ ಬೇರೆ ಇಲ್ಲ! ಎರಡು ಚಿಕ್ಕ ಅಂಕಿಗಳಿಂದ ಒಂದು ದೊಡ್ಡ ಅಂಕಿ ಹುಟ್ಟಿತು. ಚಿಕ್ಕದನ್ನೇ ಆರಿಸುವ ಗಣಿತಕ್ಕೆ ಇದು ಎಟುಕದು.

ಬ್ರಿಟನ್ನಿನ ಜೇಮ್ಸ್ ಹ್ಯಾಂಪ್ಟನ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೂ ವಿಚಿತ್ರವಾದುದು ಕಂಡುಬಂದಿತು. ಚದುರಂಗವು ಕ್ರೀಡೆಯೇ ಎಂದು ಕೇಳಿದರೆ ಅಲ್ಲವೆನ್ನುವ ಜನರೇ, 'ಆಟವೂ ಆಗಿರುವ ಕ್ರೀಡೆ'ಗಳ ಸಾಲಿಗೆ ಅದು ಸೇರುವುದೇ ಎಂದು ಕೇಳಿದಾಗ ಹೌದೆನ್ನುವ ಕಡೆಗೆ ವಾಲಿದರು. ಒಂದು ಗುಂಪಿಗೆ ಸೇರದ ವಸ್ತು ಆ ಗುಂಪಿನ ಒಳಗುಂಪಿಗೆ ಸೇರುವುದು ಬೂಲನ ತರ್ಕದಲ್ಲಿ ಅಸಾಧ್ಯ. ಜನರ ಮನಸ್ಸಿನಲ್ಲಿ ಅದು ಸಾಧ್ಯ.

'ಸಾಧಾರಣವಾಗಿ' ಎಂಬ ಪದದ ಬೆಲೆ

ಹಾಗಾದರೆ ಜನರು ತರ್ಕಹೀನರೆ? ಹಾಗೆಂದು ಕೆಲವರು ಅವಸರದಿಂದ ತೀರ್ಪುಕೊಡುತ್ತಾರೆ. ನಮಗೆ ಅದು ಒಪ್ಪಿಗೆಯಲ್ಲ. ಜನರಲ್ಲಿ ತರ್ಕವಿಲ್ಲದೆ ಇಲ್ಲ. ಅವರ ತರ್ಕದಲ್ಲಿ, ಹಳೆಯ ಶಾಸ್ತ್ರಕ್ಕೆ ತಿಳಿಯದ ಒಂದು ಪದವಿದೆ. 'ಸಾಧಾರಣವಾಗಿ' ಎಂಬುದೇ ಆ ಪದ. ಹಕ್ಕಿಗಳು ಸಾಧಾರಣವಾಗಿ ಹಾರುತ್ತವೆ. ಇದು ಹಕ್ಕಿ; ಆದುದರಿಂದ ಹಾರೀತು ಎಂದು ಊಹಿಸುತ್ತೇವೆ. ಅದು ಉಷ್ಟ್ರಪಕ್ಷಿಯೆಂದು ತಿಳಿದೊಡನೆ ಊಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಹೊಸ ಸಂಗತಿ ತಿಳಿದಂತೆ ಹಳೆಯ ನಿರ್ಣಯವನ್ನು ಬಿಡಲು ಒಪ್ಪುವ ಇಂಥ ತರ್ಕವನ್ನು 1980ರಲ್ಲಿ ರೇಮಂಡ್ ರೈಟರ್, ಜಾನ್ ಮೆಕಾರ್ತಿ ಮೊದಲಾದವರು ಸೂತ್ರಬದ್ಧಗೊಳಿಸಿದರು.

ಈ ಬಗೆಯ ಆಲೋಚನೆ ವ್ಯಾಕರಣ ಓದಿದವರಿಗೆ ಹೊಸದಲ್ಲ. ಸಾಮಾನ್ಯ ವಿಧಿಗೆ ಉತ್ಸರ್ಗವೆಂದೂ, ಅದನ್ನು ಮೀರಿ ನಿಲ್ಲುವ ವಿಶೇಷ ವಿಧಿಗೆ ಅಪವಾದವೆಂದೂ ನಮ್ಮ ವೈಯಾಕರಣರು ಪ್ರಾಚೀನಕಾಲದಿಂದ ಹೆಸರಿಟ್ಟಿದ್ದಾರೆ. ಸಮಾಸದಲ್ಲಿ ಎರಡನೆಯ ಪದದ ಮೊದಲಿನ ಕ, ತ, ಪಗಳಿಗೆ ಸಾಧಾರಣವಾಗಿ ಗ, ದ, ಬಗಳು ಬರುತ್ತವೆ. ಆದುದರಿಂದಲೇ ತೋರಣ, ಕಲ್ಲು ಕೂಡಿ ತೋರಣಗಲ್ಲು ಆಯಿತು. ಆದರೆ ಅದೇ ರೈಲುದಾರಿಯಲ್ಲಿರುವ ಹೊಸಪೇಟೆಯು 'ಹೊಸಬೇಟೆ'ಯಾಗಲಿಲ್ಲ. ಆಗಿದ್ದರೆ ಊರು ಹೋಗಿ ಬೇಟೆ ಬರುತ್ತಿತ್ತು. ವಿಧಿಯೂ ನಿಂತಿತು, ಅಪವಾದವೂ ನಿಂತಿತು, ಭಾಷೆ ಕೆಡಲಿಲ್ಲ.

ಈಗ ಈ ತರ್ಕವನ್ನು ಪರಿಕಲ್ಪನೆಗಳ ಬೆಸುಗೆಗೆ ಹಚ್ಚಿದ ಒಂದು ಕ್ರಮವನ್ನು ನೋಡೋಣ. ಇಟಲಿಯ ಟ್ಯೂರಿನ್ ವಿಶ್ವವಿದ್ಯಾಲಯದ ಅಂತೋನಿಯೊ ಲಿಯೆತೊ ಮತ್ತು ಜಾನ್ ಲೂಕ ಪೊಜ್ಜಾತೊ ಎಂಬ ವಿದ್ವಾಂಸರು ಅದನ್ನು ರೂಪಿಸಿ 2020ರಲ್ಲಿ ವಿವರವಾಗಿ ಪ್ರಕಟಿಸಿದರು. ಅದರಲ್ಲಿ ಮೂರು ಅಂಗಗಳುಂಟು. ಒಂದು, ಪರಿಕಲ್ಪನೆಯ ಗುಣಗಳನ್ನು ಖಚಿತವಾದವು, ವಾಡಿಕೆಯವು ಎಂದು ಎರಡಾಗಿ ವಿಂಗಡಿಸಬೇಕು. ಎರಡು, ವಾಡಿಕೆಯ ಗುಣ ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದಕ್ಕೆ ಒಂದು ಅಂಕಿಯನ್ನು ಕೊಡಬೇಕು. ಮೂರು, ಕೂಡುವ ಎರಡು ಪದಗಳಲ್ಲಿ ಯಾವುದು ಪ್ರಧಾನ, ಯಾವುದು ವಿಶೇಷಣ ಎಂದು ಗುರುತಿಸಿ, ವಾಡಿಕೆಯ ಗುಣಗಳಲ್ಲಿ ಜಗಳ ಬಂದರೆ ಪ್ರಧಾನಪದದ ಪಕ್ಷವನ್ನು ವಹಿಸಬೇಕು.

ಸಾಕುಮೀನನ್ನೇ ತೆಗೆದುಕೊಂಡು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಾಗಿ ನಾವು ಇಟ್ಟುಕೊಂಡವು. ಇಲ್ಲಿ ಮೀನು ಪ್ರಧಾನ. ನೀರಿನಲ್ಲಿ ಬಾಳುವುದು ಅದರ ಖಚಿತ ಗುಣ. ಮೈಮೇಲೆ ಹುರುಪೆಗಳಿರುವುದು 0.9, ಬೂದುಬಣ್ಣ 0.7, ಇವು ವಾಡಿಕೆಯವು. ಸಾಕುಪ್ರಾಣಿಗೆ ಮನುಷ್ಯರ ಪೋಷಣೆಯಲ್ಲಿರುವುದು ಖಚಿತ. ನೆಲದ ಮೇಲೆ ಓಡಾಡುವುದು 0.9, ನೋಡಲು ಹಿತವಾಗಿರುವುದು 0.8, ಇವು ವಾಡಿಕೆಯವು. ನಾಲ್ಕು ವಾಡಿಕೆಯ ಗುಣಗಳಲ್ಲಿ ಒಂದೊಂದೂ ಉಳಿಯಬಹುದು, ಇಲ್ಲವೆ ಬೀಳಬಹುದು; ಆದುದರಿಂದ ಒಟ್ಟು 16 ಸಂಭವಗಳು. ನೆಲದ ಮೇಲೆ ಓಡಾಡುವ ಗುಣ ಉಳಿದಿರುವ 8 ಸಂಭವಗಳು ನೀರಿನಲ್ಲಿ ಬಾಳುವ ಖಚಿತ ಗುಣಕ್ಕೆ ವಿರುದ್ಧವಾಗಿ ಬಿದ್ದುಹೋಗುತ್ತವೆ. ಉಳಿದ 8ರಲ್ಲಿ ಉಳಿದ ಗುಣಕ್ಕೆ ಅದರ ಅಂಕಿಯನ್ನೂ ಬಿದ್ದ ಗುಣಕ್ಕೆ ಒಂದರಿಂದ ಅದನ್ನು ಕಳೆದ ಅಂಕಿಯನ್ನೂ ಗುಣಿಸಬೇಕು. ಮೂರು ಗುಣಗಳೂ ಉಳಿದರೆ 0.9 × 0.7 × 0.8 × 0.1, ಅಂದರೆ 0.0504. ಇದೇ ಎಲ್ಲಕ್ಕಿಂತ ದೊಡ್ಡದು. ಆದರೆ ಇದರಲ್ಲಿ ಮೀನಿನ ಗುಣಗಳೆಲ್ಲವೂ ಹಾಗೆಯೇ ಉಳಿದಿರುವುದರಿಂದ, ಕೂಡಿಕೆಯು ಹೊಸದೇನನ್ನೂ ಹೇಳಲಿಲ್ಲವೆಂದು ಈ ಕ್ರಮವು ಅದನ್ನು ಬಿಡುತ್ತದೆ. ಮುಂದಿನದು, ಬೂದುಬಣ್ಣ ಬಿದ್ದು ಉಳಿದೆರಡು ನಿಂತ ಸಂಭವ: 0.9 × 0.3 × 0.8 × 0.1, ಅಂದರೆ 0.0216. ಮಿಕ್ಕವೆಲ್ಲ ಇದಕ್ಕಿಂತ ಚಿಕ್ಕವು. ಫಲವೇನು? ನೀರಿನಲ್ಲಿ ಬಾಳುವ, ಹುರುಪೆಯುಳ್ಳ, ಬೂದುಬಣ್ಣವಲ್ಲದ, ನೋಡಲು ಹಿತವಾದ, ಮನುಷ್ಯರು ಪೋಷಿಸುವ ಮೀನು. ಗಾಜಿನ ತೊಟ್ಟಿಯ ಬಣ್ಣದ ಮೀನಿಗೆ ಇದು ಬಹಳ ಹತ್ತಿರ ಬಂದಿತಲ್ಲವೆ?

ಸಮಾಸದ ಪಾಠ

ಪ್ರಧಾನಪದ, ವಿಶೇಷಣ ಎಂಬ ಮಾತುಗಳನ್ನು ಕೇಳಿದೊಡನೆ ಕನ್ನಡ ವಿದ್ಯಾರ್ಥಿಗೆ ತನ್ನ ವ್ಯಾಕರಣದ ಪುಸ್ತಕ ನೆನಪಾಗಬೇಕು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಮಾಸಕ್ಕಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಸಮಾಸಗಳ ವಿಂಗಡಣೆಗೆ ನಮ್ಮ ಶಾಸ್ತ್ರ ಕೇಳುವ ಮೊದಲ ಪ್ರಶ್ನೆಯೇ ಅರ್ಥದಲ್ಲಿ ಯಾವ ಪದ ಪ್ರಧಾನ ಎಂಬುದು. ತತ್ಪುರುಷದಲ್ಲಿ ಎರಡನೆಯ ಪದ ಪ್ರಧಾನ: ಬೆಟ್ಟದಾವರೆ ಒಂದು ತಾವರೆ. ಅಂಶಿಯಲ್ಲಿ ಮೊದಲನೆಯದು ಪ್ರಧಾನ: ಮುಂಗೈ ಎಂದರೆ ಕೈಯ ಮುಂದಿನ ಭಾಗ. ದ್ವಂದ್ವದಲ್ಲಿ ಎಲ್ಲವೂ ಪ್ರಧಾನ: ಕೆರೆಕಟ್ಟೆ ಎಂದರೆ ಕೆರೆಯೂ ಕಟ್ಟೆಯೂ. ಬಹುವ್ರೀಹಿಯಲ್ಲಿ ಎರಡೂ ಅಲ್ಲ, ಹೊರಗಿನ ಬೇರೊಂದು ಪದ ಪ್ರಧಾನ. ಹಂಪೆಯ ವಿರೂಪಾಕ್ಷನ ಹೆಸರೇ ಇದಕ್ಕೆ ಸಾಕ್ಷಿ. ಅದು ಕಣ್ಣಿನ ಹೆಸರಲ್ಲ, ಅಂಥ ಕಣ್ಣುಳ್ಳವನ ಹೆಸರು.

ಇದರಿಂದ ಹೊರಡುವ ಮಾತು ಮುಖ್ಯವಾದುದು. ಪ್ರಧಾನಪದದ ಪಕ್ಷವನ್ನು ವಹಿಸು ಎಂದು ಹೊಸ ತರ್ಕವು ಒಂದು ನಿಯಮವನ್ನು ಹೇಳುತ್ತದೆ. ಯಾವುದು ಪ್ರಧಾನವೆಂಬುದು ಸಮಾಸದಿಂದ ಸಮಾಸಕ್ಕೆ ಬದಲಾಗುವುದೆಂದು ನಮ್ಮ ವ್ಯಾಕರಣ ಎಚ್ಚರಿಸುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಎರೆಭೂಮಿಯಲ್ಲಿ ಎರೆಭೂತವೆಂಬ ಅಪರೂಪದ ದೊಡ್ಡ ಹಕ್ಕಿ ಇದೆ. ಎರಡನೆಯ ಪದವೇ ಪ್ರಧಾನವೆಂದು ಗಟ್ಟಿಯಾಗಿ ಹಿಡಿದ ಯಂತ್ರವು ಅದನ್ನು ದೆವ್ವಗಳ ಪಟ್ಟಿಗೆ ಸೇರಿಸೀತು!

ಇನ್ನೊಂದು ಪಾಠವೂ ಉಂಟು. ಸಮಾಸದಲ್ಲಿ ವಿಭಕ್ತಿ ಮರೆಯಾಗುತ್ತದೆ. ಅದನ್ನು ಮತ್ತೆ ತೋರಿಸುವ ವಾಕ್ಯಕ್ಕೆ ವಿಗ್ರಹವಾಕ್ಯವೆಂದು ಹೆಸರು. 'ಕಲ್ಲು' ಕೊನೆಯಲ್ಲಿರುವ ಪದಗಳನ್ನಷ್ಟೇ ನೋಡಿರಿ. ಬೀಸುಗಲ್ಲು ಬೀಸುವ ಕಲ್ಲು. ವೀರಗಲ್ಲು ವೀರನ ನೆನಪಿಗೆ ನಿಲ್ಲಿಸಿದ ಕಲ್ಲು. ಮೈಲಿಗಲ್ಲು ಮೈಲಿಯನ್ನು ತಿಳಿಸುವ ಕಲ್ಲು. ಒರೆಗಲ್ಲು ಚಿನ್ನವನ್ನು ಒರೆದು ನೋಡುವ ಕಲ್ಲು. ಆಲಿಕಲ್ಲಂತೂ ಕಲ್ಲೇ ಅಲ್ಲ. ಕಲ್ಲಿನ ಗಟ್ಟಿತನವನ್ನು ಮಾತ್ರ ಉಳಿಸಿಕೊಂಡು ಅಂಗೈಯಲ್ಲಿ ಕರಗುವ ನೀರು. ವಿಭಕ್ತಿ ಎದುರಿಗಿದ್ದರೂ ಸಂಬಂಧ ಒಂದೇ ಆಗಿರಬೇಕೆಂದಿಲ್ಲ. ಕಲ್ಲಿನ ರಥವನ್ನು ಕಲ್ಲಿನಿಂದ ಮಾಡಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಾದರೋ ಉಕ್ಕನ್ನು ಮಾಡುವ ಕಾರ್ಖಾನೆ. ಪ್ರತ್ಯಯ ಒಂದೇ, ಸಂಬಂಧ ಬೇರೆ. ವಿಗ್ರಹವಾಕ್ಯವನ್ನು ಬರೆಯುವವನು ಈ ಮರೆಯಾದ ಸಂಬಂಧವನ್ನು ಬಾಯಿಬಿಟ್ಟು ಹೇಳುತ್ತಾನೆ. ತರ್ಕಶಾಸ್ತ್ರಜ್ಞನು ಸೂತ್ರವನ್ನು ಬರೆಯುವಾಗ ಮಾಡುವ ಕೆಲಸವೂ ಇದೇ.

ಹಂಪೆಯ ಸಾಕ್ಷ್ಯ

ಹಂಪೆಯ ವಿಜಯವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ನೋಡದವರೂ 2017ರಲ್ಲಿ ಹೊರಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವನ್ನು ನೋಡಿರುತ್ತಾರೆ. ಅದು ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಈಗ ಶೀರ್ಷಿಕೆಯ ಪ್ರಶ್ನೆಯನ್ನು ಕೇಳೋಣ: ಅದು ರಥವೆ?

ರಥದ ಗುಣಗಳನ್ನು ಬರೆದುಕೊಳ್ಳಿರಿ: ಗಾಲಿಗಳಿರುವುದು, ದೇವರನ್ನು ಹೊರುವುದು, ಮರದಿಂದ ಮಾಡಿರುವುದು, ಹಗ್ಗ ಕಟ್ಟಿ ಎಳೆದರೆ ಮುಂದಕ್ಕೆ ಸಾಗುವುದು. ಚೈತ್ರದಲ್ಲಿ ವಿರೂಪಾಕ್ಷನ ಜಾತ್ರೆಗೆ ಎಳೆಯುವ ತೇರಿನಲ್ಲಿ ಇವೆಲ್ಲವೂ ಇವೆ. ಈಗ ಕಲ್ಲನ್ನು ಕೂಡಿಸಿರಿ. ಮರ ಹೋಯಿತು, ಸಾಗುವುದೂ ಹೋಯಿತು. ಗಾಲಿಯ ರೂಪವೂ ದೇವರಿಗೆ ಆಸರೆಯಾಗುವುದೂ ಉಳಿದುವು. ಸಾಗುವುದು ರಥದ ಖಚಿತ ಗುಣವೆಂದರೆ ಕಲ್ಲಿನ ರಥವು ರಥವಲ್ಲ, ರಥದ ಪ್ರತಿಮೆ. ಅದು ಕೇವಲ ವಾಡಿಕೆಯ ಗುಣವೆಂದರೆ ಕಲ್ಲಿನ ರಥವೂ ರಥವೇ, ಸಾಗದ ರಥ. 'ಕಲ್ಲಿನ ಸಿಂಹ ಸಿಂಹವೆ?' ಎಂದು ಹಾನ್ಸ್ ಕಾಂಪ್, ಬಾರ್ಬರಾ ಪಾರ್ಟೀ ಎಂಬ ವಿದ್ವಾಂಸರು 1995ರಲ್ಲಿ ಚರ್ಚಿಸಿದ ಪ್ರಶ್ನೆಯ ಸ್ವರೂಪವೂ ಇದೇ. ತರ್ಕ ನಮಗೆ ತೀರ್ಪನ್ನು ಕೊಡಲಿಲ್ಲವೆಂದು ನಿರಾಶರಾಗಬೇಡಿರಿ. ಜಗಳ ಯಾವ ಗುಣದ ಬಗೆಗೆ ಎಂಬುದನ್ನು ಅದು ಬೆರಳಿಟ್ಟು ತೋರಿಸಿತು. ಅರ್ಧ ಜಗಳಗಳು ಅಲ್ಲಿಗೇ ಮುಗಿಯುತ್ತವೆ.

ಹಂಪೆಯಲ್ಲಿ ಇನ್ನೊಂದು ವಿನೋದವಿದೆ. ಸಾಸಿವೆಕಾಳು ಗಣಪನ ಎತ್ತರ ಸುಮಾರು 8 ಅಡಿ; ಕಡಲೆಕಾಳು ಗಣಪನದು ಸುಮಾರು 15 ಅಡಿ. ಸಾಸಿವೆ ಎಂದೊಡನೆ ಎಲ್ಲರಿಗೂ ಮೊದಲು ತೋರುವ ಗುಣ ಅದರ ಅತಿ ಸಣ್ಣ ಗಾತ್ರ. ಈ ಕೂಡಿಕೆಯಲ್ಲಿ ಬಿದ್ದುಹೋಗಿರುವುದು ಅದೇ ಗುಣ! ಹೊಟ್ಟೆಯ ದುಂಡು ಕಾಳನ್ನು ಹೋಲುವುದರಿಂದ ಈ ಹೆಸರೆಂದು ಹೇಳುತ್ತಾರೆ. ಅಂದರೆ ವಿಶೇಷಣದಿಂದ ಉಳಿದುದು ಆಕಾರವೊಂದೇ. ಹೊಸಪೇಟೆಯಲ್ಲಾದರೋ ವಿಶೇಷಣವೇ ಪೂರ್ತಿಯಾಗಿ ಸವೆದುಹೋಗಿದೆ. ಕೃಷ್ಣದೇವರಾಯನ ಕಾಲದ ಆ ಪೇಟೆಗೆ ಸುಮಾರು 500 ವರ್ಷ ವಯಸ್ಸು. ಆದರೂ ಅದು ಹೊಸಪೇಟೆಯೇ. ಎರಡು ಪದಗಳು ಬಹುಕಾಲ ಜೊತೆಯಾಗಿದ್ದು ಅಂಕಿತನಾಮವಾದ ಮೇಲೆ, ಬಿಡಿಪದಗಳ ಸಾಕ್ಷ್ಯ ನಡೆಯುವುದಿಲ್ಲ.

ಕುರುಚಲು ಬೆಟ್ಟ ಅರಣ್ಯವೆ?

ಇವೆಲ್ಲ ಪಂಡಿತರ ಕಾಲಹರಣವೆಂದು ಭಾವಿಸುವವರಿಗೆ ಒಂದು ಮಾತು. ಸಂಡೂರಿನ ಬೆಟ್ಟಗಳ ಒಡಲಲ್ಲಿ ಕಬ್ಬಿಣದ ಅದಿರಿದೆ. ಮೈಮೇಲೆ ಕೆಲವೆಡೆ ಮರಗಳೂ ಕೆಲವೆಡೆ ಹುಲ್ಲು ಕುರುಚಲುಗಳೂ ಇವೆ. ಇಂಥ ನೆಲವನ್ನು ಅಗೆಯಲು ಬಿಡಬಹುದೆ, ಬಾರದೆ ಎಂಬುದು ಬಹುಮಟ್ಟಿಗೆ ಅದು ಅರಣ್ಯವೇ ಅಲ್ಲವೇ ಎಂಬುದನ್ನು ಅವಲಂಬಿಸಿದೆ. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಮೊಕದ್ದಮೆಯಲ್ಲಿ, 1980ರ ಅರಣ್ಯ ಸಂರಕ್ಷಣಾ ಕಾಯಿದೆಯ 'ಅರಣ್ಯ' ಎಂಬ ಪದವನ್ನು ನಿಘಂಟಿನ ಅರ್ಥದಲ್ಲಿ ಗ್ರಹಿಸತಕ್ಕದ್ದೆಂದು ಹೇಳಿತು. 2023ರಲ್ಲಿ ಕಾಯಿದೆಗೆ ತಿದ್ದುಪಡಿಯಾದಾಗ ಆ ಅರ್ಥವನ್ನು ಕುರಿತು ಮತ್ತೆ ವಾದ ಎದ್ದಿತು. ಮೀಸಲು ಅರಣ್ಯ, ರಕ್ಷಿತ ಅರಣ್ಯ, ಪರಿಗಣಿತ ಅರಣ್ಯ ಎಂಬ ಕೂಡುಪದಗಳು ನಮ್ಮ ಕಚೇರಿಗಳಲ್ಲಿ ದಿನವೂ ಓಡಾಡುತ್ತವೆ. ಮೂರರಲ್ಲಿಯೂ ಪ್ರಧಾನಪದ ಒಂದೇ. ಆದರೆ 'ಪರಿಗಣಿತ' ಎಂಬ ವಿಶೇಷಣ ಬೇರೆ ಜಾತಿಯದು. ದಾಖಲೆಯಲ್ಲಿ ಅರಣ್ಯವೆಂದು ಸಾರದಿದ್ದರೂ ಲಕ್ಷಣಗಳನ್ನು ನೋಡಿ ಅರಣ್ಯವೆಂದೇ ಎಣಿಸತಕ್ಕದ್ದೆಂದು ಅದರ ಅರ್ಥ.

ಯಾವ ಲಕ್ಷಣಗಳು? ಎತ್ತರದ ಮರಗಳೂ ದಟ್ಟವಾದ ನೆರಳೂ ಅರಣ್ಯದ ಖಚಿತ ಗುಣಗಳೆಂದು ಹಿಡಿದರೆ ಬಯಲುಸೀಮೆಯ ಕುರುಚಲು ಬೆಟ್ಟ ಒಂದೇ ವಾಕ್ಯದಲ್ಲಿ ಅರಣ್ಯವಲ್ಲವಾಗುತ್ತದೆ. ಅವು ಮಲೆನಾಡಿನ ವಾಡಿಕೆಯ ಗುಣಗಳೆಂದು ತಿಳಿದರೆ ಅದೇ ಬೆಟ್ಟ ಅರಣ್ಯವಾಗಿ ಉಳಿಯಬಹುದು. ಯಾವುದು ಸರಿಯೆಂಬುದನ್ನು ಕಾನೂನಿನವರೂ ಪರಿಸರಜ್ಞರೂ ಆ ನೆಲದ ಜನರೂ ಕೂಡಿ ಹೇಳಬೇಕು. ಆದರೆ ವಾಡಿಕೆಯ ಗುಣವನ್ನು ಸದ್ದಿಲ್ಲದೆ ಖಚಿತ ಗುಣವನ್ನಾಗಿ ಮಾಡಿಬಿಡುವ ಮೋಸವನ್ನು ಹಿಡಿಯಲು ತರ್ಕದ ಅಭ್ಯಾಸ ಬೇಕು. ಆ ಅಭ್ಯಾಸವಿಲ್ಲದ ಪ್ರಜೆಯ ಕಣ್ಣೆದುರಿಗೇ ಒಂದು ವಿಶೇಷಣದ ಮರೆಯಲ್ಲಿ ಬೆಟ್ಟ ಕರಗಿಹೋಗಬಹುದು.

ಮೂರು ಆಕ್ಷೇಪಗಳು

ನಮ್ಮ ಮಾತಿಗೆ ಆಕ್ಷೇಪಗಳು ಇಲ್ಲದಿಲ್ಲ. ಆ ಅಂಕಿಗಳನ್ನು ಯಾರು ಕೊಟ್ಟರು ಎಂಬುದು ಮೊದಲನೆಯದು. ಇದು ನ್ಯಾಯವಾದ ಪ್ರಶ್ನೆ. ಅಂಕಿಗಳು ಮೇಜಿನ ಮುಂದೆ ಕುಳಿತು ಹೊಸೆದವಾದರೆ ಫಲವೂ ಹಾಗೆಯೇ ಇರುವುದು. ಆದರೆ ಅವನ್ನು ಜನರನ್ನು ಕೇಳಿ ಅಳೆಯಬಹುದು. ಫಲ ತಪ್ಪಿದರೆ ತಪ್ಪಿತೆಂದು ಕಾಣುವುದು. ತಪ್ಪನ್ನು ತೋರಿಸಿಕೊಡುವ ಸಿದ್ಧಾಂತ, ಯಾವುದಕ್ಕೂ ಸಿಕ್ಕದೆ ಜಾರುವ ಸಿದ್ಧಾಂತಕ್ಕಿಂತ ಮೇಲು.

ಕೂಡಿದ ಪರಿಕಲ್ಪನೆಯಲ್ಲಿ ಬಿಡಿಪದಗಳಲ್ಲಿಲ್ಲದ ಗುಣಗಳೂ ಹುಟ್ಟುತ್ತವೆಂಬುದು ಎರಡನೆಯದು. ಇದೂ ನಿಜ, ಹ್ಯಾಂಪ್ಟನ್ ಅವರೇ ಇದನ್ನು ತೋರಿಸಿದ್ದಾರೆ. ಮೇಲಿನ ನಮ್ಮ ಲೆಕ್ಕದಲ್ಲಿ ಬಣ್ಣದ ಮೀನು ಬಂದಿತು, ಗಾಜಿನ ತೊಟ್ಟಿ ಬರಲಿಲ್ಲ. ಅದು ಮೀನಿನ ಗುಣವೂ ಅಲ್ಲ, ಸಾಕುಪ್ರಾಣಿಯ ಗುಣವೂ ಅಲ್ಲ. ನೀರಿನ ಪ್ರಾಣಿಯನ್ನು ಮನೆಯಲ್ಲಿ ಹೇಗೆ ಇಡುವರೆಂಬ ಲೋಕಾನುಭವದಿಂದ ಬಂದುದು. ಅದನ್ನು ತರ್ಕವು ತನ್ನಷ್ಟಕ್ಕೆ ಹುಟ್ಟಿಸಲಾರದು. ಕೇಶಿರಾಜನ ಗುರಿಯೂ ಶಬ್ದರೂಪಗಳ ವಿವೇಚನೆಯಾಗಿತ್ತೇ ಹೊರತು ಮನಶ್ಶಾಸ್ತ್ರವಾಗಿರಲಿಲ್ಲ. ಈ ಮಿತಿಗಳನ್ನು ಒಪ್ಪಿಕೊಂಡೇ ನಾವು ಮುಂದುವರಿಯಬೇಕು.

ಮೂರನೆಯದು ಈ ಕಾಲದ ಆಕ್ಷೇಪ. ಅಪಾರವಾದ ಬರಹವನ್ನು ಓದಿ ಪದಗಳ ಸಹವಾಸವನ್ನು ಲೆಕ್ಕಹಾಕುವ ಭಾಷಾಯಂತ್ರಗಳು ಇಂದು ಸರಾಗವಾಗಿ ಮಾತಾಡುತ್ತಿರುವಾಗ ಈ ಸೂತ್ರಗಳ ಗೊಡವೆ ಏಕೆ? ಆ ಯಂತ್ರಗಳ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರದ ಉತ್ತರ ಒಂದು, ಆ ಉತ್ತರಕ್ಕೆ ಕಾರಣ ಇನ್ನೊಂದು. ಯಾವ ಗುಣ ಉಳಿಯಿತು, ಯಾವುದು ಬಿದ್ದಿತು, ಏಕೆ ಬಿದ್ದಿತು ಎಂಬುದನ್ನು ಸೂತ್ರವು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ನ್ಯಾಯಾಲಯದಲ್ಲಿಯೂ ಆಸ್ಪತ್ರೆಯಲ್ಲಿಯೂ ನಮಗೆ ಬೇಕಾದುದು ಕಾರಣವುಳ್ಳ ಉತ್ತರ. ಮೇಲಾಗಿ ಇಂಗ್ಲಿಷಿಗೆ ಹೋಲಿಸಿದರೆ ಇಂಥ ಯಂತ್ರಗಳಿಗೆ ದೊರೆಯುವ ಕನ್ನಡ ಬರಹ ಬಹಳ ಕಡಿಮೆ. ರಾಶಿಯಲ್ಲಿ ಬಡವರಾದ ನಾವು ನಿಯಮದಲ್ಲಿ ಬಡವರಲ್ಲ. ಏಳು ಶತಮಾನಗಳಿಗೂ ಹಿಂದೆ ವಿಂಗಡಿಸಿಟ್ಟ ನಿಯಮಗಳು ನಮ್ಮಲ್ಲಿವೆ. ಆ ಗಂಟನ್ನು ಅಟ್ಟದ ಮೇಲೆ ಇಟ್ಟು, ನೆರೆಮನೆಯ ಬುತ್ತಿಗೆ ಕಾಯುವುದು ಜಾಣತನವಲ್ಲ.

ತರಗತಿಯಲ್ಲಿ ಮಾಡಬೇಕಾದುದು

ಆದುದರಿಂದ ನಮ್ಮ ಸಲಹೆ ಇಷ್ಟು. ಸಮಾಸದ ಪಾಠ ಬಂದಾಗ ಪುಸ್ತಕದ ಉದಾಹರಣೆಗಳನ್ನು ಉರುಹೊಡೆಸುವ ಬದಲು, ಉಪಾಧ್ಯಾಯರು ತಮ್ಮ ಊರಿನ ಹತ್ತು ಕೂಡುಪದಗಳನ್ನು ಹಲಗೆಯ ಮೇಲೆ ಬರೆಯಲಿ. ಕಂಪ್ಲಿಯವರು ತಮ್ಮ ಗದ್ದೆಗಳಿಂದಲೂ ಸಂಡೂರಿನವರು ತಮ್ಮ ಗಣಿಗಳಿಂದಲೂ ಪದಗಳನ್ನು ಆರಿಸಿಕೊಳ್ಳಲಿ. ಒಂದೊಂದಕ್ಕೂ ವಿದ್ಯಾರ್ಥಿಗಳು ವಿಗ್ರಹವಾಕ್ಯ ಬರೆಯಲಿ. ಎರಡು ವಿಗ್ರಹಗಳು ಸಾಧ್ಯವಾದರೆ ಎರಡನ್ನೂ ಬರೆದು ವಾದಿಸಲಿ. ಬಿಡಿಪದಗಳ ಗುಣಗಳನ್ನು ಖಚಿತ, ವಾಡಿಕೆ ಎಂದು ಎರಡು ಪಟ್ಟಿಗಳಾಗಿ ಮಾಡಲಿ. ತರಗತಿಯ 40 ಮಂದಿಯಲ್ಲಿ ಎಷ್ಟು ಮಂದಿ ಒಂದು ಗುಣವನ್ನು ಒಪ್ಪುವರೆಂದು ಕೈ ಎತ್ತಿಸಿ ಎಣಿಸಿದರೆ ಅಂಕಿಯೂ ಸಿಕ್ಕಿತು. ಕೂಡಿದ ಮೇಲೆ ಯಾವುದು ಉಳಿಯಿತು, ಯಾವುದು ಬಿದ್ದಿತು ಎಂದು ನೋಡಲಿ. ಕನ್ನಡದ ಉಪಾಧ್ಯಾಯರೂ ಗಣಿತದ ಉಪಾಧ್ಯಾಯರೂ ಒಂದೇ ತರಗತಿಯಲ್ಲಿ ನಿಂತು ಪಾಠ ಹೇಳುವ ಅಪೂರ್ವ ಅವಕಾಶವಿದು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಹಲಗೆ, ಸೀಮೆಸುಣ್ಣ ಸಾಕು.

ಹೀಗೆ ಕಲಿತ ಹುಡುಗಿಯೊಬ್ಬಳು ಮುಂದೆ ಗಣಕಯಂತ್ರಕ್ಕೆ ಕನ್ನಡವನ್ನು ಕಲಿಸುವವಳಾಗಬಹುದು. ಇಲ್ಲವೆ ಕಚೇರಿಯ ಕಾಗದದಲ್ಲಿ ಒಂದು ವಿಶೇಷಣವನ್ನು ಕಂಡು, ಇದರ ವಿಗ್ರಹವಾಕ್ಯವೇನು ಎಂದು ಕೇಳುವ ಪ್ರಜೆಯಾಗಬಹುದು. ಎರಡರಲ್ಲಿ ಯಾವುದಾದರೂ ನಾಡಿಗೆ ಲಾಭವೇ.